ಟಾಪಿನ ಮ್ಯಾಲಿನ ಪೆಟ್ಟಿಗಿ

ಆಗಸ್ಟ್ 25, ಭಾನುವಾರ

ಏಳು ಸೀಟಿನ ಗಾಡಿಯಂತೆ. ಏಳು ಮಂದಿ ಕುಂತರೆ ಅವರ ಬಟ್ಟೆಬರೆ ಯಾರ ತಲೆ ಮೇಲೆ ಹೊರಿಸಬೇಕು ಅಂತ ಇದನ್ನು ಮಾಡಿದವನು ಯೋಚನೆ ಮಾಡಿಲ್ಲ. ಹಿಂದಿನ ಸಾಲಿನ ಸೀಟು ಎತ್ತಿ ನಿಲ್ಲಿಸಿದರೆ ಡಿಕ್ಕಿಯಲ್ಲಿ ಒಂದು ತರಕಾರಿ ಚೀಲ ಹಿಡಿಯುತ್ತದೆ. ಮಡಚಿದರೆ ಸಾಮಾನು ಹಿಡಿಯುತ್ತದೆ, ಮನುಷ್ಯರು ಐದೇ.

ನಾವು ಆರು. ನಾನು, ಗಂಡ ಆನಂದ, ಮಗಳು ಸಂಘಮಿತ್ರಾ, ಪೋತ್ನಾಳದಿಂದ ಆನಂದನ ಅಕ್ಕ ಜಂಬಮ್ಮ, ಆಕೆಯ ಗಂಡ ತಾಯಪ್ಪ ಮಾವ. ಆಮೇಲೆ ನಮ್ಮತ್ತೆ ಪಾರ್ವತೆಮ್ಮ. ಮೊಣಕಾಲಿನ ಔಷಧಕ್ಕೆ ಅಂತ ದೇವದುರ್ಗ ಬಿಟ್ಟು ಬಂದು ಮಳೆಗಾಲ ಪೂರ್ತಿ ರಾಯಚೂರಲ್ಲಿ ನಮ್ಮ ಹತ್ತಿರವೇ ಇದ್ದಾಳೆ. ದಸರಾ ರಜೆಯಲ್ಲಿ, ವಿಜಯದಶಮಿಗೆ, ನಾಗಪುರಕ್ಕೆ ಹೋಗುವುದು ಅಂತ ತೀರ್ಮಾನ. ಬಾಬಾಸಾಹೇಬರು ದೀಕ್ಷೆ ತಗೊಂಡ ನೆಲ. ಅವತ್ತು ಅಲ್ಲಿ ಲಕ್ಷಗಟ್ಟಲೆ ಮಂದಿ. ಲಾಡ್ಜಿನ ಆಸೆ ಇಟ್ಟುಕೊಂಡು ಹೋಗುವವರು ದಡ್ಡರು. ಚಾಪೆ, ಚಾದರ, ಒಲೆ, ಬುತ್ತಿ, ನೀರು, ಎಲ್ಲ ಹೊತ್ತುಕೊಂಡೇ ಹೋಗಬೇಕು.

ಊಟಕ್ಕೆ ಕುಂತಾಗ ಆನಂದ ಮೆಲ್ಲಗೆ ಶುರು ಮಾಡಿದ. "ಅವ್ವನ ಮೊಣಕಾಲಿಗೆ ಅಷ್ಟು ದೂರ ಆಗಲ್ಲ ಬಿಡು."

ಮುದುಕಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾ ಒಲ್ಲೆಪ್ಪಾ. ನೀವು ಹೋಗಿ ಬರ್ರಿ. ರೊಟ್ಟಿ ಬಡದು ಕಟ್ಟಿ ಕೊಡ್ತೀನಿ."

ಪ್ರತಿ ವರ್ಷ ಇದೇ ಮಾತು. ನನಗೆ ಇಬ್ಬರ ಮೇಲೂ ಉರಿಯಿತು. ಆನಂದ ವೇದಿಕೆ ಹತ್ತಿದರೆ ಹೆಣ್ಣುಮಕ್ಕಳ ಪಾಲು, ಹೆಣ್ಣುಮಕ್ಕಳ ಹಕ್ಕು ಅಂತ ಗಂಟಲು ಹರಿದುಕೊಳ್ಳುತ್ತಾನೆ. ಹೆತ್ತವ್ವನ ಪಾಲಿಗೆ ಒಂದು ಸೀಟಿಲ್ಲ. ಈ ಮುದುಕಿಯೋ, ಕಿತ್ತುಕೊಳ್ಳುವ ಮೊದಲೇ ಬಿಟ್ಟುಕೊಡುತ್ತಾಳೆ. ಹೀಗೆ ಬಿಟ್ಟುಕೊಟ್ಟು ಬಿಟ್ಟುಕೊಟ್ಟೇ ನಮ್ಮ ಮಂದಿ ಊರ ಹೊರಗೆ ಬಿದ್ದದ್ದು.

"ಗಾಡಿ ಟಾಪಿನ ಮ್ಯಾಲೆ ಒಂದು ಪೆಟ್ಟಿಗಿ ಕೂರಿಸೂನು. ಸಾಮಾನು ಮ್ಯಾಲೆ, ಮಂದಿ ಒಳಗ," ಅಂದೆ.

"ಟಾಪಿನ ಮ್ಯಾಲೆ ಏನೂ ಬ್ಯಾಡ," ಅಂದ ಆನಂದ. ಅಷ್ಟೇ. ಅರ್ಧ ಊಟಕ್ಕೆ ಎದ್ದು ಕೈ ತೊಳೆದ.

ಆಗಸ್ಟ್ 28, ಬುಧವಾರ

ಶಾಲೆಯಿಂದ ಬಂದು ಸಂಘಮಿತ್ರಾಳ ಜೊತೆ ಫೋನಿನಲ್ಲಿ ಪೆಟ್ಟಿಗೆ ನೋಡುವುದೇ ಕೆಲಸ ಆಗಿದೆ. ಉದ್ದನೆಯದು, ಅಗಲದ್ದು, ಒಂದೇ ಕಡೆ ತೆರೆಯುವುದು, ಎರಡೂ ಕಡೆ ತೆರೆಯುವುದು, ಗಟ್ಟಿ ಪ್ಲಾಸ್ಟಿಕ್ಕಿನದು, ಮಡಚಿಡುವ ಬಟ್ಟೆ ಚೀಲ. ಚೀಲ ಅಗ್ಗ, ಆದರೆ ಜಿಪ್ಪಿನ ಸಂದಿಯಲ್ಲಿ ಮಳೆ ನೀರು ಇಳಿಯುತ್ತದೆ ಅಂತ ಕೊಂಡವರೇ ಬೈದು ಬರೆದಿದ್ದಾರೆ. ಎಲ್ಲ ಚಿತ್ರದಲ್ಲೂ ಒಂದೇ ಕುಟುಂಬ. ಬೆಳ್ಳಗಿನ ಗಂಡ, ಬೆಳ್ಳಗಿನ ಹೆಂಡತಿ, ನಾಯಿ, ಹಿಂದೆ ಹಿಮದ ಗುಡ್ಡ. ಅತ್ತೆ ಯಾವ ಚಿತ್ರದಲ್ಲೂ ಇಲ್ಲ. ರೊಟ್ಟಿ ಬುಟ್ಟಿಯೂ ಇಲ್ಲ.

ಆನಂದನದು ದಿನಕ್ಕೊಂದು ತಕರಾರು. ಮೊನ್ನೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ನಿನ್ನೆ, ಪೊಲೀಸರು ಹಿಡಿಯುತ್ತಾರೆ. ಇವತ್ತು ಹೊಸದು.

"ತಲಿ ಮ್ಯಾಲೆ ಸದ್ದು ಬರ್ತದ. ಗುಂಡಿ ಬಂದಾಗೆಲ್ಲ ದಡ್ ದಡ್ ಅಂತದ. ನನಗಾಗಲ್ಲ."

"ಮೈಕ್ ಕಟ್ಟಿದ ಜೀಪಿನಾಗ ಜಿಲ್ಲಾ ತಿರುಗಿದ ಮನುಷ್ಯ ನೀವು. ಪೆಟ್ಟಿಗಿ ಸದ್ದಿಗೆ ಅಂಜ್ತೀರೇನು?"

ಮದುವೆಯಾದಾಗಿನಿಂದ ಈ ಮನುಷ್ಯನ ಭಾಷಣ ಕೇಳಿದ್ದೇನೆ, ಉತ್ತರ ಮಾತ್ರ ಕೇಳಿಲ್ಲ. ಜಿಪುಣತನ ಅಂತ ಇಲ್ಲಿ ಬರೆದಿಡುತ್ತೇನೆ. ಬೇರೆ ಕಾರಣ ಇದ್ದರೆ ಅವನೇ ಬಾಯಿ ಬಿಡಲಿ.

ಸೆಪ್ಟೆಂಬರ್ 1, ಭಾನುವಾರ

ಮಳೆಯಲ್ಲೇ ಮೀರಾಹುಸೇನ್ ಭಾಯಿಯ ವೆಲ್ಡಿಂಗ್ ಅಂಗಡಿಗೆ ಹೋದೆವು. ರಾಯಚೂರಿನ ಅರ್ಧ ಜೀಪು, ಟಂಟಂ ಆಟೋಗಳ ಮೇಲಿರುವ ಕ್ಯಾರಿಯರ್ ಆತನದೇ ಕೈಯವು. ಕಬ್ಬಿಣದ ಸರಳು ಬಗ್ಗಿಸಿ ಮಂಚದ ಹಾಗೆ ಮಾಡುತ್ತಾನೆ. ಮೇಲೆ ಸಾಮಾನು ಹಾಕಿ, ತಾಡಪತ್ರಿ ಹೊದಿಸಿ, ಹಗ್ಗ ಬಿಗಿಯುವುದು.

"ಟೀಚರಮ್ಮ, ಇದರ ಮ್ಯಾಲೆ ಎಮ್ಮಿ ನಿಲ್ಲಿಸ್ರಿ. ಅಲಗಾಡಿದ್ರ ನನ್ನ ಹೆಸರು ಬದಲಿ ಮಾಡ್ರಿ."

"ಎಮ್ಮಿ ನಾಗಪುರಕ್ಕ ಬರಾಕತ್ತಿಲ್ಲ ಭಾಯಿ. ನಮ್ಮತ್ತಿ ಬರಾಕತ್ತಾಳ."

"ನಾ ಎಲ್ಲಿ ಬರ್ತೀನಂದೆ?" ಅಂತ ಗಾಡಿಯೊಳಗಿಂದ ಮುದುಕಿ.

ನಾನು ಖಂಡಿತ ಒಲ್ಲೆ ಅಂದೆ. ಸರಳಿನ ಕ್ಯಾರಿಯರ್ ಮೇಲೆ ಗಂಟುಮೂಟೆ, ನೀಲಿ ತಾಡಪತ್ರಿ, ಹಗ್ಗ. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಸಗಿ ಬಂದರೆ ಇದೇ ಚಿತ್ರ. ಗುಳೆ ಹೊರಟವರ ಚಿತ್ರ. ನಾನು ಸಣ್ಣಾಕಿ ಇದ್ದಾಗ ಅಪ್ಪ ಅವ್ವನ ಜೊತೆ ಪುಣೆಗೆ ಅಂಥ ಗಂಟಿನ ಮೇಲೆ ಕುಂತು ಹೋದವಳು. ಹಾದಿಯ ಹೋಟೆಲ್ಲಿನವನು ನಮ್ಮ ಲಾರಿ ನೋಡಿದ ಕೂಡಲೇ ನೀರಿನ ಡ್ರಮ್ಮಿಗೆ ಮುಚ್ಚಳ ಹಾಕಿದ. ಆ ಮುಚ್ಚಳದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಓದಿದ್ದೇನೆ, ಕೂಗಿದ್ದೇನೆ, ಜೈಲು ನೋಡಿ ಬಂದಿದ್ದೇನೆ, ನೌಕರಿ ಹಿಡಿದಿದ್ದೇನೆ. ಟೋಲ್ ಗೇಟಿನಲ್ಲಿ ಯಾವನೋ ಒಬ್ಬ ನಮ್ಮ ಗಾಡಿಯ ನೆತ್ತಿ ನೋಡಿ "ಎಲ್ಲಿ ಬಿಲ್ಡಿಂಗ್ ಕೆಲಸ?" ಅಂತ ನನ್ನ ಮಗಳ ಮುಂದೆ ಕೇಳಬಾರದು. ಕೇಳಿದರೆ ಅಲ್ಲೇ ಇಳಿದು ಕಪಾಳಕ್ಕೆ ಬಾರಿಸುತ್ತೇನೆ.

"ಇದು ಗುಳೆ ಹೋಗೋರ ಕ್ಯಾರಿಯರ್ ಭಾಯಿ. ನಮಗ ಮುಚ್ಚಿದ ಪೆಟ್ಟಿಗಿ ಬೇಕು. ಕಂಪನೀದು. ಬೀಗ ಇರೋದು."

ಮೀರಾಹುಸೇನ್ ನಕ್ಕ. "ನಿಮ್ಮ ಮರ್ಜಿ. ಕಂಪನಿ ಪೆಟ್ಟಿಗಿಗೆ ಎಮ್ಮಿ ನಡಿಯಲ್ಲ, ನೆನಪಿಟ್ಕರ್ರಿ."

ಆನಂದ ಗಾಡಿಯಿಂದ ಇಳಿಯಲೇ ಇಲ್ಲ. ಅಂಗಡಿ ತುಂಬ ತೂಗುಬಿಟ್ಟ ಹಗ್ಗದ ಸುರುಳಿ. ಅವನು ಬೇರೆ ಕಡೆ ಮುಖ ಮಾಡಿಕೊಂಡು ಕುಂತಿದ್ದ. ಅಹಂಕಾರ.

ಸೆಪ್ಟೆಂಬರ್ 4, ಬುಧವಾರ

ಪೋತ್ನಾಳದಿಂದ ಜಂಬಮ್ಮಕ್ಕನ ಫೋನು. ಪೆಟ್ಟಿಗೆ ಬರುತ್ತದೆ ಅಂತ ಗೊತ್ತಾದ ಮೇಲೆ ಆಕೆಯ ಸಾಮಾನು ಬೆಳೆಯುತ್ತಲೇ ಇದೆ. ತಾಯಪ್ಪ ಮಾವನಿಗೆ ನೆಲದ ಮೇಲೆ ನಿದ್ದೆ ಬರುವುದಿಲ್ಲವಂತೆ, ಮಡಚುವ ಮಂಚ ಹಾಕಬಹುದಾ ಅಂತ. ಪೆಟ್ಟಿಗೆಗೆ ತೂಕದ ಮಿತಿ ಇದೆ ಅಕ್ಕಾ ಅಂದರೆ, "ಮಂಚ ಹಗುರ ಅದವ್ವಾ, ಅವರೇ ಭಾರ," ಅಂತಾಳೆ.

ಮುದುಕಿಯ ಮಾತು ಇನ್ನೂ ಅದೇ. ನಾ ಒಲ್ಲೆ. ಸೀಟಿಗೆ ಜಗಳ ಆಡುವವಳು ನಾನು, ಸೀಟು ಬೇಡ ಅನ್ನುವವಳು ಆಕೆ. ಇಂಥ ಹೋರಾಟ ನಾನು ಯಾವ ಸಂಘಟನೆಯಲ್ಲೂ ಮಾಡಿರಲಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಹೈದರಾಬಾದ್ ರಸ್ತೆಯ ಕಾರು ಸಾಮಾನಿನ ಅಂಗಡಿ. ಎ.ಸಿ. ಗಾಜಿನ ಬಾಗಿಲು. ಟೈ ಕಟ್ಟಿಕೊಂಡ ಸೇಲ್ಸ್‌ಮನ್ "ಗೋವಾ ಟ್ರಿಪ್ಪಾ ಮೇಡಂ?" ಅಂದ. ನಾಗಪುರ ಅಂದೆ. ಗಾಡಿಯ ಮುಂದಿನ ಗಾಜಿನೊಳಗಿರುವ ಬಾಬಾಸಾಹೇಬರ ಫೋಟೊ ನೋಡಿದ, ನನ್ನನ್ನು ನೋಡಿದ. "ಓ, ಅದಾ," ಅಂದ. ಆ "ಅದಾ" ಅನ್ನುವುದಕ್ಕೆ ಒಂದು ಪುಟ ಬೈಗುಳ ಬರೆಯಬಹುದು. ಬರೆಯುವುದಿಲ್ಲ, ಪೆಟ್ಟಿಗೆ ಬೇಕಾಗಿತ್ತು.

"ಇದು ನಾನೂರು ಲೀಟರಿಂದು ಮೇಡಂ."

ಅತ್ತೆ ಗಾಬರಿಯಾದಳು. "ಲೀಟರ್? ನೀರಿನ ಟಾಕಿಯೇನವ್ವಾ ಇದು?"

ಸಂಘಮಿತ್ರಾ ಬಿದ್ದು ಬಿದ್ದು ನಕ್ಕಳು. ಗಟ್ಟಿ ಪ್ಲಾಸ್ಟಿಕ್ಕು, ಕಪ್ಪು ಹೊಳಪು, ಎರಡು ಬೀಗ. ಟಾಪಿಗೆ ಮೊದಲು ಎರಡು ಅಡ್ಡಪಟ್ಟಿ ಕೂರಿಸಿ ಅದರ ಮೇಲೆ ಪೆಟ್ಟಿಗೆ ಹಿಡಿಸುತ್ತಾರೆ. ಒಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ. ನನಗೆ ಬೇಕಾದದ್ದೇ ಅದು.

ಅತ್ತೆ ಅದರ ಮೈ ಸವರಿದಳು. ಈ ತುದಿಯಿಂದ ಆ ತುದಿಗೆ, ಮೆಲ್ಲಗೆ, ಕೂಸಿನ ಬೆನ್ನು ಸವರಿದ ಹಾಗೆ.

"ಉದ್ದ ಅದ," ಅಂದಳು. ಆಮೇಲೆ, "ಒಳಗ ಗಾಳಿ ಆಡ್ತದೇನು?"

"ಚಾದರಕ್ಕೆ ಯಾಕತ್ತಿ ಗಾಳಿ?" ಅಂತ ರೇಗಿದೆ. ಆಕೆ ಕೈ ಹಿಂದಕ್ಕೆ ತಗೊಂಡಳು.

ಆನಂದ ರಸ್ತೆಯ ಆಚೆ ಚಹಾದ ಅಂಗಡಿಯಲ್ಲಿ ನಿಂತಿದ್ದ. ಪೆಟ್ಟಿಗೆ ಕೂರಿಸಿ ಮುಗಿಯುವ ತನಕ ಈಚೆ ಬರಲಿಲ್ಲ. ಬಂದವನು ಕೀಲಿ ನನ್ನ ಕೈಗಿಟ್ಟು "ನೀನೇ ನಡೆಸು" ಅಂದ.

ಆದರೂ ಗೆದ್ದದ್ದು ನಾನು. ಆರು ಸೀಟು ಆರು ಜನಕ್ಕೆ.

ಸೆಪ್ಟೆಂಬರ್ 11, ಬುಧವಾರ

ಗೆದ್ದ ಸಂತೋಷಕ್ಕೆ ಆಯುಷ್ಯ ಕಡಿಮೆ. ಪೆಟ್ಟಿಗೆ ಒಂದೇ ಕಡೆ ತೆರೆಯುತ್ತದೆ, ಆ ಕಡೆಗೆ ನಮ್ಮ ಓಣಿಯ ಗೋಡೆ. ಪ್ರತಿ ಸಲ ಗಾಡಿಯನ್ನು ತಿರುಗಿಸಿ ನಿಲ್ಲಿಸಬೇಕು. ಎರಡೂ ಕಡೆ ತೆರೆಯುವುದು ತಗೋ ಅಂತ ಸಂಘಮಿತ್ರಾ ಬಡಿದುಕೊಂಡಿದ್ದಳು.

ಇನ್ನೊಂದು ಜಗಳ ಅತ್ತೆಯ ತಾಮ್ರದ ಕೊಡದ್ದು. ಪೆಟ್ಟಿಗೆ ಚಪ್ಪಟೆ, ಕೊಡ ದುಂಡಗೆ. ಮುಚ್ಚಳ ಕೂರುವುದಿಲ್ಲ.

"ಬರಲ್ಲ ಅಂತೀ, ಕೊಡ ಮಾತ್ರ ಕಳಿಸ್ತೀ. ಹಾದಿ ತುಂಬ ಬಾಟ್ಲಿ ನೀರು ಸಿಗ್ತಾವತ್ತಿ."

"ಸಿಗ್ತಾವವ್ವಾ. ನಾ ಯಾವಾಗ ಇಲ್ಲಂದೆ?"

"ಮತ್ತ?"

"ಮಾವನ ಸಂಗಡ ವರ್ಷಾ ಹೋಗ್ತಿತ್ತು ಈ ಕೊಡ. ಹಾದಿ ಗೊತ್ತದ ಅದಕ್ಕ."

ಕೊಡಕ್ಕೆ ಹಾದಿ ಗೊತ್ತಂತೆ! ಮಾವ ಪಕೀರಪ್ಪ ಪ್ರತಿ ವರ್ಷ ಲಾರಿಯಲ್ಲಿ ನಾಗಪುರಕ್ಕೆ ಹೋಗುತ್ತಿದ್ದವರು. ನನ್ನ ಮದುವೆಗೆ ಮೊದಲೇ ರಾಯಚೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾನು ಅವರ ಫೋಟೊ ಮಾತ್ರ ನೋಡಿದ್ದೇನೆ. ಕೊಡ ವಾಪಸ್ ಅಡುಗೆಮನೆಗೆ ಹೋಯಿತು. ಅತ್ತೆ ಏನಾದರೂ ಅಂದಿದ್ದರೆ ನನಗೆ ಸಿಟ್ಟಾದರೂ ಇಳಿಯುತ್ತಿತ್ತು.

ಸೆಪ್ಟೆಂಬರ್ 17, ಮಂಗಳವಾರ

ಇವತ್ತಿನದು ಇವತ್ತೇ ಬರೆಯುತ್ತೇನೆ.

ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಹಾರಿಸಿ, ಮಕ್ಕಳಿಗೆ ಲಾಡು ಹಂಚಿ, ರಜೆ ಇದೆಯಲ್ಲ ಅಂತ ದೇವದುರ್ಗಕ್ಕೆ ಹೊರಟೆವು. ಅತ್ತೆಗೆ ಮನೆ ನೋಡಬೇಕಾಗಿತ್ತು. ಪೆಟ್ಟಿಗೆ ಅಲುಗಾಡುತ್ತದೋ ಇಲ್ಲವೋ ಅಂತ ನನಗೆ ನೋಡಬೇಕಾಗಿತ್ತು, ಅದರಲ್ಲಿ ನಾಕು ಚಾದರ ತುಂಬಿದ್ದೆ. ಆನಂದ ಗಾಡಿ ಹೊಡೆಯುತ್ತಿದ್ದ. ಗುಂಡಿ ಬಂದರೆ ಎತ್ತಿನ ಬಂಡಿಗಿಂತ ನಿಧಾನ. ಹಿಂದಿನಿಂದ ಲಾರಿಯವರು ಬೈದು ಹೋದರು.

ಕೇರಿಯ ಬಾಯಿಗೆ ಬಂದಾಗ ನಡು ಮಧ್ಯಾಹ್ನ. ನಳದ ಹತ್ತಿರ ಹೆಂಗಸರು ನಿಂತಿದ್ದರು. ನಮ್ಮ ಗಾಡಿ ನೋಡಿದರು. ಗಾಡಿಯ ನೆತ್ತಿ ನೋಡಿದರು. ಯಾರದೋ ಕೈಯಿಂದ ಕೊಡ ಬಿತ್ತು.

"ಅಯ್ಯೋ ಯವ್ವಾ! ತಂದ್ರಲ್ಲೇ! ಪಾರ್ವತೆವ್ವನ್ನ ತಂದ್ರಲ್ಲೇ!"

ನನಗೆ ತಿಳಿಯುವುದರೊಳಗೆ ಕೇರಿ ಗಾಡಿಯನ್ನು ಮುತ್ತಿಕೊಂಡಿತ್ತು. ಎಲ್ಲರಿಗೂ ಗೊತ್ತು, ಪಾರ್ವತೆಮ್ಮ ರಾಯಚೂರಿಗೆ ದವಾಖಾನೆಗೆ ಹೋಗಿದ್ದಾಳೆ. ಮಗನ ಗಾಡಿ ಬಂದಿದೆ. ಗಾಡಿಯ ಟಾಪಿನ ಮೇಲೆ ಆಳುದ್ದದ ಕಪ್ಪು ಪೆಟ್ಟಿಗೆ. ಅದರೊಳಗೆ ಇನ್ನೇನು ಇರಲು ಸಾಧ್ಯ?

ಪಕ್ಕದ ಮನೆಯ ಹಣಮಮ್ಮ ಓಡಿ ಬಂದು ಬಾನೆಟ್ಟಿನ ಮೇಲೆ ಬಿದ್ದಳು. ಒಂದು ಕೋಳಿಯ ಜಗಳಕ್ಕೆ ಯುಗಾದಿಯಿಂದ ಅತ್ತೆಯ ಜೊತೆ ಮಾತು ಬಿಟ್ಟವಳು. ಎದೆ ಬಡಿದುಕೊಂಡು, ನಮ್ಮ ಕಡೆ ಸತ್ತವರ ಮುಂದೆ ಹಾಡಿ ಅಳುತ್ತಾರಲ್ಲ, ಹಾಗೆ ಹಾಡಿ ಅಳಲು ಶುರು ಮಾಡಿದಳು.

"ನಾಗಪುರಕ್ಕ ಹೋಗೋರಿಗೆಲ್ಲ ರೊಟ್ಟಿ ಬಡದ್ಯಲ್ಲೇ ನನ್ನ ಗೆಳತೀ...
ನಿನ್ನ ರೊಟ್ಟಿ ನಾಗಪುರ ನೋಡಿ ಬಂದ್ವಲ್ಲೇ, ನೀ ನೋಡಲಿಲ್ಲಲ್ಲೇ...
ಗಂಡನ್ನ ಟಾಪಿನ ಮ್ಯಾಲೆ ತಂದ್ಯಲ್ಲೇ, ನೀನೂ ಟಾಪಿನ ಮ್ಯಾಲೇ ಬಂದ್ಯಲ್ಲೇ..."

ಹಿಂದಿನ ಕಿಟಕಿಗಳಿಗೆ ಕಪ್ಪು ಗಾಜು. ಹಿಂದೆ ಕುಂತ ನಾವು ಅವರಿಗೆ ಕಾಣುತ್ತಿಲ್ಲ. ಬಾಗಿಲು ತೆಗೆಯಲು ಹೋದೆ. ಅತ್ತೆ ನನ್ನ ಮುಂಗೈ ಹಿಡಿದಳು. ಎಂಥ ಹಿಡಿತ!

"ತಡಿ. ಕೇಳೂನು."

ಕೇಳಿದಳು. ತಲೆ ಸ್ವಲ್ಪ ವಾಲಿಸಿ, ರೇಡಿಯೊ ಕೇಳುವವರ ಹಾಗೆ, ತನ್ನ ಸಾವಿನ ಹಾಡು ಕೇಳಿದಳು. ಸಂಘಮಿತ್ರಾ ಬಾಯಿಗೆ ದುಪಟ್ಟಾ ತುರುಕಿಕೊಂಡು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಮುಂದೆ ಆನಂದ ಸ್ಟೇರಿಂಗ್ ಹಿಡಿದುಕೊಂಡು ಕಲ್ಲಾಗಿದ್ದ.

ಹಾಡು ಎರಡನೇ ಸುತ್ತಿಗೆ ಬಂದಾಗ ಅತ್ತೆ ಗಾಜು ಇಳಿಸಿದಳು.

"ಏ ಹಣಮೀ, ಸಾಕು ಮಾಡಬೇ. ನನ್ನ ಕೋಳಿ ಕೊಟ್ಟಿಲ್ಲ ಅನ್ನೋದು ಹಾಡಿನ್ಯಾಗ ಬರ್ಲೇ ಇಲ್ಲಲ್ಲ?"

ಕೇರಿಯೇ ಎರಡು ಹೆಜ್ಜೆ ಹಿಂದೆ ಸರಿಯಿತು. ಹಣಮಮ್ಮ ಕಿರುಚಿ ಕುಂತೇಬಿಟ್ಟಳು. ಆಮೇಲೆ ಎದ್ದು ಬಂದು ಕಿಟಕಿಯೊಳಗೆ ಕೈ ಹಾಕಿ ಅತ್ತೆಯ ಭುಜಕ್ಕೆ ಪಟಪಟ ಬಡಿದಳು.

"ನಿನ್ನ ಬಾಯಿಗೆ ಮಣ್ಣು ಬೀಳ! ಜೀವಂತ ಒಳಗ ಕುಂತು ಹಾಡು ಕೇಳ್ತಿಯೇನಲೇ? ನಾ ಅತ್ತ ಕಣ್ಣೀರು ವಾಪಸ್ ಕೊಡು!"

"ಕೋಳಿ ಕೊಡು, ಕೊಡ್ತೀನಿ."

ಹೆಂಗಸರು ನಕ್ಕರು, ಅತ್ತರು, ಮತ್ತೆ ನಕ್ಕರು. ಮತ್ತೆ ಇದರೊಳಗೆ ಏನಿದೆ ಅಂತ ಕೇಳಿದರು. ಬೀಗ ತೆಗೆದು ತೋರಿಸಿದೆ. ನಾಕು ಚಾದರ.

ಹಣಮಮ್ಮ ನಗಲಿಲ್ಲ. "ಚಾದರಕ್ಕ ಇಷ್ಟು ಚಂದನ ಪೆಟ್ಟಿಗಿ," ಅಂದಳು. "ಪಕೀರಣ್ಣಗ ಬರೇ ಹಗ್ಗ."

ಆನಂದ ಗಾಡಿಯಿಂದ ಇಳಿದು, ಯಾರ ಮುಖವನ್ನೂ ನೋಡದೆ, ಹೊಲದ ಕಡೆ ನಡೆದು ಹೋದ.

ಅತ್ತೆ ಅವನ ಬೆನ್ನು ನೋಡುತ್ತಿದ್ದಳು. ಆಮೇಲೆ ಹಣಮಮ್ಮನ ಗದ್ದ ಹಿಡಿದು ಅಂದಳು: "ನಾಗಪುರ ನೋಡಲಿಲ್ಲ ಅಂತ ಹಾಡಿದೆಲ್ಲ? ಈ ಸಲ ನೋಡ್ತೀನಿ. ಹಾಡು ಬದಲಿ ಮಾಡ್ಕ."

ನಾ ಬರ್ತೀನಿ ಅಂತ ಆಕೆ ಅಂದದ್ದು ಇದೇ ಮೊದಲು. ಅದೂ ನನಗಲ್ಲ, ಆನಂದನಿಗಲ್ಲ, ಹಣಮಮ್ಮನಿಗೆ. ನಾನು ತಿಂಗಳಿಂದ ಗಂಟಲು ಹರಿದುಕೊಂಡದ್ದು ಗಾಳಿಗೆ ಹೋಯಿತು.

ಆನಂದ ಹೊಲದಿಂದ ಬರುವ ತನಕ ಅತ್ತೆ ಕಟ್ಟೆಯ ಮೇಲೆ ಕುಂತು ಹೇಳಿದಳು. ಮಾವ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಜೀಪಿನವನು ಹೆಣವನ್ನು ಒಳಗೆ ಹಾಕಿಕೊಳ್ಳಲು ಒಪ್ಪಲಿಲ್ಲ. ಸೀಟು ಮೈಲಿಗೆ ಆಗುತ್ತದಂತೆ. "ಗೌಡರ ಮನಿ ಹೆಣ ಆಗಿದ್ರ ಒಳಗ ಮಲಗಿಸ್ಕಂಡು ಒಯ್ಯತಿದ್ದ," ಅಂದಳು. ಟಾಪಿನ ಮೇಲೆ ಹತ್ತಿ ಅಪ್ಪನನ್ನು ಹಗ್ಗದಿಂದ ಕಟ್ಟಿದವನು ಆನಂದ. ಆಗಿನ್ನೂ ಕಾಲೇಜು ಹುಡುಗ. ಗಂಟು ಹಾಕಲು ಬರುತ್ತಿರಲಿಲ್ಲ. ಹಾದಿಯಲ್ಲಿ ಹಗ್ಗ ಸಡಿಲಾಗುತ್ತಿತ್ತು, ಜೀಪು ನಿಲ್ಲಿಸಿ ಮತ್ತೆ ಮತ್ತೆ ಕಟ್ಟಿದ. ಆಕೆ ಕೆಳಗೆ ಕುಂತಿದ್ದಳು.

"ಗುಂಡಿ ಬಂದಾಗೆಲ್ಲ ತಲಿ ಮ್ಯಾಲೆ ದಡ್ ಅಂತಿತ್ತವ್ವಾ," ಅಂದಳು.

ಸೆಪ್ಟೆಂಬರ್ 18, ಬುಧವಾರ

ಆನಂದ ಒಂದೇ ಮಾತು ಆಡಿದ. "ಆ ಪೆಟ್ಟಿಗಿ ಕೆಳಗ ಅವ್ವನ್ನ ಕೂರಿಸ್ಕಂಡು ಗಾಡಿ ಹೊಡಿಯಾಕ ನನ್ನ ಕೈಲಿ ಆಗಲ್ಲ. ಪೆಟ್ಟಿಗಿ ಬಿಡು, ಇಲ್ಲಾ ಅವ್ವನ್ನ ಬಿಡು."

ಪೆಟ್ಟಿಗೆ ಬಿಟ್ಟರೆ ಅತ್ತೆಯ ಸೀಟಿನಲ್ಲಿ ಸಾಮಾನು ಕೂರುತ್ತದೆ.

ಮೊದಲೇ ಹೇಳಬಾರದಿತ್ತಾ ಈ ಮನುಷ್ಯ? ಡೀಸೆಲ್ ಅಂತೆ, ಪೊಲೀಸ್ ಅಂತೆ! ಹತ್ತು ಸಾವಿರ ಮಂದಿಯ ಮುಂದೆ ಮಾತಾಡುವವನಿಗೆ ಹೆಂಡತಿಯ ಮುಂದೆ ಒಂದು ಮಾತು ಇಲ್ಲ. ಸಿಟ್ಟು ಬರುತ್ತದೆ. ಅವನ ಮೇಲೋ, ಆ ಜೀಪಿನವನ ಮೇಲೋ, ಹೊಳೆಯುವ ಆ ಕಪ್ಪು ಪ್ಲಾಸ್ಟಿಕ್ಕಿನ ಮೇಲೋ ಗೊತ್ತಾಗುತ್ತಿಲ್ಲ.

ಸೆಪ್ಟೆಂಬರ್ 22, ಭಾನುವಾರ

ಅಂಗಡಿಯವನು ಪೆಟ್ಟಿಗೆ ವಾಪಸ್ ತಗೊಳ್ಳುವುದಿಲ್ಲ ಅಂದ. "ಕೂರಿಸಿದ ಮಾಲು ಮೇಡಂ." ಕೂಗಾಡಿದೆ. ಘೋಷಣೆ ಒಂದು ಬಾಕಿ ಇತ್ತು. ಸಂಘಮಿತ್ರಾ ಕೈ ಹಿಡಿದು ಎಳೆದುಕೊಂಡು ಬಂದಳು.

ಮನೆಯಲ್ಲಿ ಸಭೆ. ನೀಲಿ ಬಣ್ಣ ಹೊಡೆಯೋಣ, ಅಶೋಕ ಚಕ್ರ ಬರೆಯೋಣ ಅಂತ ಸಂಘಮಿತ್ರಾ. ಬಣ್ಣ ಬದಲಾದರೆ ಉದ್ದ ಬದಲಾಗುತ್ತದಾ ಅಂತ ಆನಂದ. ಅತ್ತೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಂತಿದ್ದಳು.

"ನನಗ ಅಂಜಿಕಿ ಇಲ್ಲಪ್ಪಾ. ಸತ್ತು ಹಾಡಿಸ್ಕಂಡು ಬಂದಾಕಿ ನಾನು, ನನಗ್ಯಾತರ ಅಂಜಿಕಿ? ಆದ್ರ ಮುಚ್ಚಿದ್ದು ಬ್ಯಾಡ. ಮ್ಯಾಲೆ ಏನ್ ಒಯ್ಯಾಕತ್ತೀವಿ ಅಂತ ಹಾದ್ಯಾಗಿನ ಮಂದಿಗೆ ಕಾಣ್ಲಿ. ಚಾಪಿ ಅಂದ್ರ ಚಾಪಿ, ಕೊಡ ಅಂದ್ರ ಕೊಡ."

"ಹಗ್ಗ ಕಟ್ಟಬೇಕಾಗ್ತದವ್ವಾ," ಅಂದ ಆನಂದ. ದನಿ ಅಷ್ಟು ಸಣ್ಣದಾಗಿ ನಾನು ಕೇಳಿರಲಿಲ್ಲ.

"ನಾ ಕಟ್ತೀನಿ," ಅಂದೆ. ಇಷ್ಟಕ್ಕೆಲ್ಲ ಸಭೆ ಯಾಕೆ?

ಸಂಜೆ ಮೀರಾಹುಸೇನ್ ಭಾಯಿಯ ಹತ್ತಿರ ಹೋಗಿ ಸರಳಿನ ಕ್ಯಾರಿಯರ್ ಹೇಳಿ ಬಂದೆ. ದುಂಡಗಿನ ಸಾಮಾನಿಗೆ ಅದೇ ಅನುಕೂಲ, ಎಲ್ಲ ಕಡೆಯಿಂದಲೂ ಕೈಗೆ ಸಿಗುತ್ತದೆ. ಆತ ಕಣ್ಣು ಸಣ್ಣದು ಮಾಡಿದ.

"ಇದು ಗುಳೆ ಹೋಗೋರ ಕ್ಯಾರಿಯರ್ ಅಂದಿದ್ರಲ್ಲ ಟೀಚರಮ್ಮ?"

"ನಾ ಯಾವಾಗ ಅಂದೆ? ಕೊಡ ಕೂರೋ ಹಂಗ ಮೂಲ್ಯಾಗೊಂದು ಬಳಿ ಬೆಸಿರಿ. ಬಾಯಿ ಕಡಿಮಿ ಮಾಡ್ರಿ."

ಸೆಪ್ಟೆಂಬರ್ 29, ಭಾನುವಾರ

ಕಪ್ಪು ಪೆಟ್ಟಿಗೆಯನ್ನು ಪೋತ್ನಾಳಕ್ಕೆ ಸಾಗಿಸಿದೆವು. ಜಂಬಮ್ಮಕ್ಕ ಅದನ್ನು ಪಡಸಾಲೆಯಲ್ಲಿಟ್ಟು ಜ್ವಾಳ ತುಂಬಿದಳು. ಇಲಿ ಹೋಗುವುದಿಲ್ಲ, ಬೀಗ ಬೇರೆ. "ಮಾನ್ವಿ ತಾಲೂಕಿನ್ಯಾಗ ಇಂಥ ಕಣಜ ಯಾರಿಗದ?" ಅಂತ ತಾಯಪ್ಪ ಮಾವ ಬಂದವರಿಗೆಲ್ಲ ಬೀಗ ತೆಗೆದು ತೋರಿಸುತ್ತಿದ್ದಾನೆ. ನನ್ನ ತಿಂಗಳ ಹೋರಾಟಕ್ಕೆ ಸಿಕ್ಕ ಗೌರವ ಇದು.

ಭತ್ತದ ಚೀಲ ಹೇರಿ ಹೇರಿ ಮಾವನಿಗೆ ಹಗ್ಗದ ವಿದ್ಯೆ ಗೊತ್ತು. ಅಂಗಳದಲ್ಲಿ ಗಾಡಿ ನಿಲ್ಲಿಸಿ ಕಲಿಸಿದ. ನಾನು ಹಾಕಿದ ಗಂಟು ನೋಡಿ, "ಇದು ಗಂಟಲ್ಲ ಮೌನೇಶ್ವರೀ, ಜಡಿ ಹೆಣೆದಂಗ ಅದ," ಅಂದ. ಬಿಚ್ಚಿ ಮತ್ತೆ ಹಾಕಿದೆ. ಅಂಗೈ ಸುಲಿದಿದೆ. ಆನಂದ ಬೇವಿನ ಗಿಡದ ಕೆಳಗೆ ನಿಂತು ನೋಡುತ್ತಿದ್ದ. ಹತ್ತಿರ ಬರಲಿಲ್ಲ. ಆದರೆ ಈ ಸಲ ಬೆನ್ನು ತಿರುಗಿಸಲಿಲ್ಲ.

ಅಕ್ಟೋಬರ್ 10, ಗುರುವಾರ

ನಾಳೆ ಹೊರಡುವುದು. ಅತ್ತೆ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುವಾಗ ಬಸ್‌ಸ್ಟ್ಯಾಂಡಿನಿಂದ ಫೋನು. ದೇವದುರ್ಗದ ಬಸ್ಸಿನ ಕಂಡಕ್ಟರ್ ಹತ್ತಿರ ಒಂದು ಬುಟ್ಟಿ ಇದೆ, ಬಂದು ಒಯ್ಯಿರಿ ಅಂತ. ಹಣಮಮ್ಮ ಕಳಿಸಿದ, ಒಣಗಿಸಿದ ಕಟಕ್ ರೊಟ್ಟಿ. ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ್ದಾಳೆ. ಫೋನಿನಲ್ಲಿ ಕೂಗಿದಳು: "ಈ ಸಲ ನಾ ಬಡದೀನಿ. ನೀ ಸುಮ್ಮನ ಕುಂತು ತಿನ್ನು. ಕೋಳಿ ಬಗ್ಗೆ ಬಂದ ಮ್ಯಾಲೆ ಮಾತಾಡೂನು."

ಯವ್ವ (ಅತ್ತೆ ಅನ್ನುವುದು ಯಾವಾಗ ಬಿಟ್ಟುಹೋಯಿತೋ) ಜರಡಿ ಕೆಳಗಿಟ್ಟಳು. ಮಾಡಲು ಕೆಲಸ ಇಲ್ಲದೆ ಬಾಗಿಲಲ್ಲಿ ಕುಂತಳು, ಕೈ ಎಲ್ಲಿಡಬೇಕು ಅಂತ ತಿಳಿಯದವಳ ಹಾಗೆ. ಒಂದು ಕಡೆ ಕುಂತರೆ ಇನ್ನೂ ಕಷ್ಟ ಈಕೆಯದು. ಮೆಣಸಿನಕಾಯಿ ಕೊಟ್ಟೆ, ತೊಟ್ಟು ಬಿಡಿಸು ಅಂತ.

ಅಕ್ಟೋಬರ್ 11, ಶುಕ್ರವಾರ

ಗಾಡಿಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ.

ನಸುಕಿಗೆ ಬಿಟ್ಟೆವು. ಯವ್ವ ಮುಂದಿನ ಸೀಟಿನಲ್ಲಿ, ಕಾಲು ಚಾಚಲು ಅಲ್ಲೇ ಜಾಗ. ನಾನು ಕಟ್ಟಕಡೆಯ ಸಾಲಿನಲ್ಲಿ, ಮೊಣಕಾಲು ಗದ್ದಕ್ಕೆ ಹತ್ತಿವೆ. ತಾಯಪ್ಪ ಮಾವ ಹೈದರಾಬಾದ್ ತನಕ ಗೊರಕೆ ಹೊಡೆದ. ಮಂಚ ಬೇಕಂತೆ ಮಂಚ! ಟಾಪಿನ ಮೇಲೆ ಚಾಪೆ, ಚಾದರದ ಗಂಟು, ಒಲೆ, ರೊಟ್ಟಿ ಬುಟ್ಟಿ, ಮೂಲೆಯ ಬಳೆಯಲ್ಲಿ ತಾಮ್ರದ ಕೊಡ. ಮೋಡ ಕಂಡು ತಾಡಪತ್ರಿ ಹೊದಿಸಿದೆ. ಕೊಡದ ಬಾಯಿ ಮಾತ್ರ ಹೊರಗೆ ಕಾಣುತ್ತದೆ. ಗುಂಡಿ ಬಂದಾಗ ಅದು ಠಣ್ ಅನ್ನುತ್ತದೆ. ಮೊದಲ ಸಲ ಅಂದಾಗ ಆನಂದ ಬ್ರೇಕ್ ಹಾಕಿದ. "ಅದು ಕೊಡ, ಲೇ. ನಡಿ," ಅಂದಳು ಯವ್ವ. ಆಮೇಲೆ ಅದು ಅಂದಾಗೆಲ್ಲ "ಕೊಡ" ಅಂತಾಳೆ. ಹಾದಿ ತುಂಬ ಇದೇ ಆಗಿದೆ. ಠಣ್, ಕೊಡ. ಠಣ್, ಕೊಡ. ನನಗೆ ತಲೆನೋವು.

ಆದಿಲಾಬಾದ್ ದಾಟಿದ ಮೇಲೆ ಟೋಲ್ ಗೇಟಿನಲ್ಲಿ ಸಾಲು. ಅಲ್ಲಿಯ ಕೆಲಸದವನು ನಮ್ಮ ಟಾಪು ನೋಡಿದ, ಹಿಂದಿನ ಕಿಟಕಿಗೆ ಬಂದು ಹಿಂದಿಯಲ್ಲಿ ಕೇಳಿದ, ಕೆಲಸಕ್ಕೆ ಹೊರಟಿರಾ, ಎಲ್ಲಿ ಬಿಲ್ಡಿಂಗ್ ನಡೆದಿದೆ ಅಂತ.

"ನಾಗಪುರ," ಅಂದೆ. "ಭಯ್ಯಾ, ಪೀಛೇಕಾ ರಸ್ಸೀ ಢೀಲಾ ಹೈ ಕ್ಯಾ, ಜರಾ ದೇಖೋ."

ಆತ ಹಿಂದೆ ಹೋಗಿ ನೋಡಿ, ಹೌದು, ಹಿಂದಿನ ಹಗ್ಗ ಸಡಿಲಾಗಿದೆ ಅಂತ ಕೈ ಮಾಡಿದ. ಹೈದರಾಬಾದಿನಲ್ಲೇ ಬಿಗಿದಿದ್ದೆ, ಹೇಗೆ ಸಡಿಲಾಯಿತೋ. ಸಂದಿಯಿಂದ ಹೊರಬರಲು ನಾನು ಒದ್ದಾಡುತ್ತಿರುವಾಗಲೇ ಮುಂದಿನ ಬಾಗಿಲು ತೆರೆದ ಸದ್ದಾಯಿತು. ಆನಂದ ಇಳಿದಿದ್ದ. ಗಾಡಿ ಒಂದು ಕಡೆ ವಾಲಿತು, ಅವನು ಟಾಪಿನ ಮೇಲೆ ಹತ್ತಿದ. ಹಿಂದೆ ನಿಂತ ಲಾರಿಗಳೆಲ್ಲ ಹಾರನ್ ಹೊಡೆದವು.

ಯವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಬಿಗೀ ಎಳಿಯಪ್ಪಾ. ಹಣಮಿ ರೊಟ್ಟಿ ಅದಾವ."

ಹಗ್ಗ ಎಳೆದ ಸದ್ದು. ಇನ್ನೊಂದು ಸಲ ಎಳೆದ ಸದ್ದು. ಅವನು ಇಳಿದು ಬಂದು ಕುಂತ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಗಾಡಿ ಬಿಟ್ಟ.

ಚಹಾಕ್ಕೆ ನಿಲ್ಲಿಸಿದಾಗ ಹೋಗಿ ನೋಡಿದೆ. ಅಂಗೈ ಸುಲಿದುಕೊಂಡು ನಾನು ಕಲಿತು ಹಾಕಿದ ಗಂಟನ್ನು ಪೂರ್ತಿ ಬಿಚ್ಚಿ ತನ್ನದು ಹಾಕಿದ್ದಾನೆ. ಒಂದು ಮಾತು ಕೇಳದೆ. ಎಷ್ಟು ಜಗ್ಗಿದರೂ ಅಲುಗಾಡಲಿಲ್ಲ.